ಮೋಲ್ಡಿಗೆ ರೆಡಿಮಿಕ್ಸ್: ಚಲನ್ ಓದಲು ಬಂದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ

ಮೈಸೂರಿನಲ್ಲಿ ಈಗ 30×40 ಸೈಟಿನ ಮನೆಗೂ ಮೋಲ್ಡ್ (ಕಾಂಕ್ರೀಟ್ ತಾರಸಿ) ಹಾಕುವ ದಿನ, ಘಟಕದಲ್ಲೇ ಕಲಸಿದ ಕಾಂಕ್ರೀಟು ಅಂದರೆ ರೆಡಿಮಿಕ್ಸ್ ಹೊತ್ತ ಲಾರಿ ಬಂದು ನಿಲ್ಲುತ್ತದೆ. ಸೇವೆ ಒಳ್ಳೆಯದೇ. ಬಾಣಲಿ ಲೆಕ್ಕದಲ್ಲಿ ಕಲಸುವಾಗ ಬೆಳಗಿನ ಹದ ಸಂಜೆಗೆ ಇರುವುದಿಲ್ಲ. ಘಟಕದಲ್ಲಿ ಮರಳು, ಜಲ್ಲಿ, ಸಿಮೆಂಟು ಎಲ್ಲವೂ ತೂಕಕ್ಕೆ ಬೀಳುತ್ತವೆ. ಮಾಲು ಕೆಡುವುದು ಹೆಚ್ಚಾಗಿ ನಮ್ಮ ಗೇಟಿನ ಮುಂದೆ.

ಮೊದಲು ಅಳತೆ. ಮೇಸ್ತ್ರಿ ಹೇಳುವುದು ಚದರದಲ್ಲಿ, ಕಂಪನಿ ಮಾರುವುದು ಘನ ಮೀಟರಿನಲ್ಲಿ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. 10 ಚದರ (1,000 ಚದರ ಅಡಿ), 5 ಇಂಚು ದಪ್ಪದ ಮೋಲ್ಡಿಗೆ ಸುಮಾರು 417 ಘನ ಅಡಿ, ಅಂದರೆ 11.8 ಘನ ಮೀಟರ್. ತೊಲೆಗಳ ಲೆಕ್ಕ ಬೇರೆ, ಪಂಪಿನ ಪೈಪಿನಲ್ಲಿ ಉಳಿಯುವುದು ಬೇರೆ. ಕೊನೆಯ ಲಾರಿಗೆ ಎಷ್ಟು ಬೇಕೆಂದು ಉಳಿದ ಜಾಗ ಅಳೆದ ಮೇಲೆಯೇ ಹೇಳಿ.

ಲಾರಿಯ ಜೊತೆ ಬರುವ ಚೀಟಿಯೇ ಚಲನ್. ಅದರಲ್ಲಿ ಎಂ20 ಎಂದಿದ್ದರೆ, ಆ ಕಾಂಕ್ರೀಟಿನ 15 ಸೆಂ.ಮೀ. ಪರೀಕ್ಷಾ ಕ್ಯೂಬು 28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ಒತ್ತಡ ತಾಳಬೇಕು ಎಂದರ್ಥ. ಆರ್‌ಸಿಸಿಗೆ (ಕಂಬಿ ಹಾಕಿದ ಕಾಂಕ್ರೀಟಿಗೆ) ಇದಕ್ಕಿಂತ ಕಡಿಮೆ ದರ್ಜೆ ಒಪ್ಪಬೇಡಿ. ಕ್ಯೂಬುಗಳನ್ನು ನಿಮ್ಮ ಸೈಟಿನಲ್ಲೇ, ನಿಮ್ಮ ಲಾರಿಯ ಮಾಲಿನಿಂದಲೇ ತುಂಬಿಸಿ. ಚಲನ್‌ನಲ್ಲೇ ಇರುವ ಬ್ಯಾಚ್ ಸಮಯವನ್ನೂ (ಘಟಕದಲ್ಲಿ ಕಲಸಿದ ಹೊತ್ತು) ನೋಡಿ: ನೀರು ಬೆರೆಸಿದ 2 ಗಂಟೆಯೊಳಗೆ ಲಾರಿ ಖಾಲಿಯಾಗಬೇಕು. ಗಟ್ಟಿಯಾಗುವುದನ್ನು ತಡಮಾಡುವ ರಾಸಾಯನಿಕ ಹಾಕಿದ್ದರೆ ಮಾತ್ರ ಹೆಚ್ಚು ಸಮಯ ಸಿಗುತ್ತದೆ.

ಇನ್ನು ಸ್ಲಂಪ್. ಜಗಳವೆಲ್ಲ ಇಲ್ಲೇ. 30 ಸೆಂ.ಮೀ. ಎತ್ತರದ ಕೋನ್ ತುಂಬಿ ಮೇಲೆತ್ತಿದಾಗ ಕಾಂಕ್ರೀಟು ಎಷ್ಟು ಕುಸಿಯುತ್ತದೋ ಅದೇ ಸ್ಲಂಪ್. ಪಂಪಿಗೆ ಸಾಮಾನ್ಯವಾಗಿ 100ರಿಂದ 150 ಮಿ.ಮೀ. ಇರಬೇಕು. ಮಾಲು ಬಿಗಿಯಾಗಿದ್ದರೆ ಪಂಪಿನವರಾಗಲಿ ಕೂಲಿಯವರಾಗಲಿ ಡ್ರಮ್ಮಿಗೆ ಪೈಪು ಹಿಡಿಯುತ್ತಾರೆ. ಬಿಡಲೇಬೇಡಿ. ಹೆಚ್ಚಾದ ನೀರು ಆವಿಯಾಗಿ ಹೋದ ಜಾಗ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ; ಬಲ ಇಳಿಯುತ್ತದೆ, ಮಳೆಗಾಲಕ್ಕೆ ಸೋರುತ್ತದೆ. ಹದ ಸರಿಮಾಡಬೇಕಾದದ್ದು ಕಂಪನಿಯವರು, ಅದೂ ನೀರು ಸೇರಿಸದೆ ಹದ ಸಡಿಲಿಸುವ ರಾಸಾಯನಿಕವಾದ ಪ್ಲಾಸ್ಟಿಸೈಸರ್‌ನಿಂದ.

ಕವರ್ ಎಂದರೆ ಕಂಬಿಗೂ ಹೊರಮೈಗೂ ನಡುವಿನ ಕಾಂಕ್ರೀಟಿನ ದಪ್ಪ. ಇದು ರೆಡಿಮಿಕ್ಸ್‌ನವರ ಹೊಣೆಯಲ್ಲ. ಮೋಲ್ಡಿಗೆ 20 ಮಿ.ಮೀ., ಪಿಲ್ಲರಿಗೆ 40. ಕಂಬಿಯ ಕೆಳಗೆ ಜಲ್ಲಿ ಚೂರು ಇಟ್ಟರೆ ಪಂಪಿನ ರಭಸಕ್ಕೆ ಜಾರಿ, ಕಂಬಿ ಸೆಂಟ್ರಿಂಗ್ ಶೀಟಿನ (ಕಾಂಕ್ರೀಟು ಹೊರುವ ಅಚ್ಚಿನ ತಗಡಿನ) ಮೇಲೆ ಕೂರುತ್ತದೆ. ಈ ಅಂತರ ಕಾಯುವ ಸಣ್ಣ ಬಿಲ್ಲೆಗಳಾದ ಕವರ್ ಬ್ಲಾಕ್‌ಗಳನ್ನೇ ಕಂಬಿಗೆ ಕಟ್ಟಿಸಿ.

ಮಾರ್ಚ್, ಏಪ್ರಿಲ್ ಬಿಸಿಲಿಗೆ ಮೋಲ್ಡ್ ಹಾಕಿದ ಮಧ್ಯಾಹ್ನವೇ ಕೂದಲೆಳೆಯ ಬಿರುಕು ಬಿಡುವುದುಂಟು. ಮಾಲು ಕಳಪೆ ಎಂದು ಕಂಪನಿಗೆ ಫೋನ್ ಮಾಡುವ ಮೊದಲು, ಮೇಲ್ಮೈ ಮುಚ್ಚಿದ್ದಿರಾ ನೋಡಿ. ತಟ್ಟಿ ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಟ್ಟಿಯಾದ ಮೇಲೆ ಬದು ಕಟ್ಟಿ ನೀರು ನಿಲ್ಲಿಸಿ. ಒಪಿಸಿ (ಸಾಧಾರಣ ಪೋರ್ಟ್‌ಲ್ಯಾಂಡ್) ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಾದರೆ 10.

ಅಗ್ರಹಾರದಂಥ ಹಳೆಯ ಬಡಾವಣೆಗಳ ಸಣ್ಣ ಬೀದಿಗಳಿಗೆ ಲಾರಿ ತಿರುಗುವುದು ಕಷ್ಟ. ದೂರದಿಂದ ಪೈಪು ಎಳೆಯಬೇಕಾದೀತು. ಆ ಬಾಡಿಗೆಯನ್ನು ಮೊದಲೇ ಬರೆಸಿಕೊಳ್ಳಿ.