ಅನಸ್ತೇಶಿಯಾ ಓಪಿಡಿಗೆ 5 ಸ್ಟಾರ್, ವಾರ್ಡಿಗೆ ಎರಡೇ

ಹರ್ನಿಯಾ ಆಪರೇಷನ್ನಿಗೆ ದಿನ ಗೊತ್ತಾದಾಗ ನನಗೆ ಕತ್ತರಿಯ ಭಯ ಇರಲಿಲ್ಲ. ಪ್ರಜ್ಞೆ ತಪ್ಪಿಸಿದ ಮೇಲೆ ಎಚ್ಚರವೇ ಆಗದಿದ್ದರೆ? ಅದೇ ಭಯ. ಹಾಗಾಗಿ ಸರ್ಜನ್ ಬಗ್ಗೆ ಬರೆಯುತ್ತಿಲ್ಲ, 4 ದಿನ ಮೊದಲು ನನ್ನನ್ನು ಕಳಿಸಿದ ಅನಸ್ತೇಶಿಯಾ ಓಪಿಡಿ ಬಗ್ಗೆ ಬರೆಯುತ್ತೇನೆ.

ಕಾದಿದ್ದು ಮುಕ್ಕಾಲು ಗಂಟೆ, ಒಳಗಿದ್ದಿದ್ದು 20 ನಿಮಿಷ. ಇಸಿಜಿ ನೋಡಿ ಸುಮ್ನೆ ಸಹಿ ಹಾಕಿ ಕಳಿಸುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಮ್ಮ ಮೊದಲು ಹೇಳಿದ್ದೇ "ಬಾಯಿ ದೊಡ್ಡದಾಗಿ ತೆಗೆದು ನಾಲಿಗೆ ಚಾಚಿ" ಅಂತ. ಟಾರ್ಚ್ ಬಿಟ್ಟು ಕಿರುನಾಲಿಗೆ ಕಾಣುತ್ತಾ ನೋಡಿದರು. ಉಸಿರಿನ ಕೊಳವೆ ಹಾಕಬೇಕಾಗಿ ಬಂದರೆ ಸಲೀಸಾಗಿ ಹೋಗುತ್ತಾ ಅಂತ ಅಂದಾಜು ಮಾಡೋದಂತೆ ಅದು. ಹಲ್ಲು ಅಲ್ಲಾಡುತ್ತಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ, ಗೊರಕೆ ಇದೆಯಾ? "ಸ್ವಲ್ಪ" ಅಂದೆ. ಪಕ್ಕದಲ್ಲಿದ್ದ ಹೆಂಡತಿ ನಕ್ಕುಬಿಟ್ಟಳು. ಡಾಕ್ಟರ್ ನಗಲಿಲ್ಲ. ನಡುವೆ ಉಸಿರು ನಿಲ್ಲುತ್ತಾ ಅಂತ ಅವಳನ್ನೇ ಕೇಳಿ ಬರೆದುಕೊಂಡರು.

ನನಗೆ ಪೂರ್ತಿ ಪ್ರಜ್ಞೆ ತಪ್ಪಿಸೋದು ಬೇಡ, ಬೆನ್ನಿಗೆ ಇಂಜೆಕ್ಷನ್ ಸಾಕು ಅಂದರು. ಆಮೇಲೆ ತಲೆನೋವು ಬರುತ್ತಂತಲ್ಲ ಅಂತ ಕೇಳಿದೆ. ಸೂಜಿ ಮಾಡಿದ ತೂತಿನಿಂದ ಬೆನ್ನುಹುರಿ ಸುತ್ತಲಿನ ನೀರು ಸೋರಿದರೆ ಬರುತ್ತೆ, ಈಗಿನ ಸೂಜಿ ತುಂಬಾ ತೆಳು, ಹಾಗಾಗಿ ಕಮ್ಮಿ ಅಂದರು. 1898ರಲ್ಲಿ ಇದನ್ನು ಶುರು ಮಾಡಿದ ಜರ್ಮನ್ ಸರ್ಜನ್ ಆಗಸ್ಟ್ ಬಿಯರ್ ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡು ದಿನಗಟ್ಟಲೆ ತಲೆನೋವಿನಿಂದ ಮಲಗಿದ್ದನಂತೆ! ಮುಚ್ಚಿಡದೆ ಹೇಳಿದ್ದಕ್ಕೇ ನನ್ನ ಅರ್ಧ ಭಯ ಹೋಯಿತು.

ಊಟ 6 ಗಂಟೆ ಮೊದಲೇ ಮುಗಿಸಬೇಕು, ಬರೀ ನೀರು 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ಮಂಪರಿನಲ್ಲಿ ಹೊಟ್ಟೆಯಲ್ಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು, ಅದಕ್ಕೆ. ಚೀಟಿಯಲ್ಲೂ ಬರೆದುಕೊಟ್ಟರು.

ವಾರ್ಡಿನಲ್ಲಿ ಆ ಚೀಟಿಗೆ ಬೆಲೆಯೇ ಇಲ್ಲ. ಆಪರೇಷನ್ ಮಧ್ಯಾಹ್ನ 2ಕ್ಕೆ. ರಾತ್ರಿ 12ರಿಂದಲೇ ಒಂದು ಗುಟುಕು ನೀರೂ ಇಲ್ಲ. ಚೀಟಿ ತೋರಿಸಿದರೆ "ಎಲ್ಲರಿಗೂ ಇದೇ ರೂಲ್" ಅಂದರು ಸಿಸ್ಟರ್. 14 ಗಂಟೆ! ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಥಿಯೇಟರಿನಲ್ಲಿ ಅದೇ ಡಾಕ್ಟರ್ "ನೀರು ಕುಡಿದ್ರಾ?" ಅಂತ ಕೇಳಿದಾಗ ನಾನು ಉತ್ತರ ಹೇಳಿದ ದನಿಗೇ ಅವರಿಗೆ ಗೊತ್ತಾಗಿರಬೇಕು.

ದಿಂಬು ತಬ್ಬಿ ಬೆನ್ನು ಬಾಗಿಸಿ ಕೂತೆ. ಒಂದು ಚುಚ್ಚು, ಆಮೇಲೆ ಸೊಂಟದಿಂದ ಕೆಳಗೆ ಬೆಚ್ಚಗೆ ಇಳಿದ ಹಾಗೆ. ಸ್ಪಿರಿಟ್ ಹತ್ತಿ ಹೊಟ್ಟೆಗೆ ಮುಟ್ಟಿಸಿ "ತಣ್ಣಗಿದೆಯಾ?" ಅಂದರು. ಮುಟ್ಟಿದ್ದು ತಿಳಿಯಿತು, ತಣ್ಣಗಿದ್ದದ್ದು ತಿಳಿಯಲಿಲ್ಲ. ಎಂಥ ವಿಚಿತ್ರ ಅಲ್ವಾ?

ತಲೆನೋವು ಬರಲಿಲ್ಲ, ನಡುಕ ಮಾತ್ರ ಸ್ವಲ್ಪ ಜಾಸ್ತಿ ಬಂತು. ಸಂಜೆ 5ಕ್ಕೆ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಮೊದಲು ನೋಡಿದ್ದು ಹೆಂಡತಿ. ನಾನು ಕೇಳಿದ್ದು ನೀರು.