ಮಾಟುಂಗದ ತಲೆಸುತ್ತಿನ ಚಿಕಿತ್ಸಾಲಯ: ಮೊದಲು ಪರೀಕ್ಷೆ, ಆಮೇಲೆ ಮಾತ್ರೆ

ತಲೆಸುತ್ತಿಗೆಂದೇ ಮೀಸಲಾದ ಚಿಕಿತ್ಸಾಲಯವೊಂದು ಮಾಟುಂಗ ಪೂರ್ವದಲ್ಲಿ, ಸ್ಟೇಶನ್ನಿನಿಂದ ಕಿಂಗ್ಸ್ ಸರ್ಕಲ್ ಕಡೆಗೆ ಹೋಗುವ ದಾರಿಯಲ್ಲಿದೆ. ನಮ್ಮ ಅತ್ತೆಯವರನ್ನು ಡೊಂಬಿವಲಿಯಿಂದ ಅಲ್ಲಿಗೆ ಕರೆದುಕೊಂಡು ಹೋಗಿ ಬಂದಿದ್ದೇನೆ. ಮನೆಯ ಹಿರಿಯರ ತಲೆಸುತ್ತಿಗೆ ಪರಿಹಾರ ಕಾಣದೆ ಒದ್ದಾಡುತ್ತಿರುವ ಮುಂಬಯಿ ಕನ್ನಡಿಗರಿಗೆ ಈ ಜಾಗದ ಗುಣದೋಷಗಳೆರಡನ್ನೂ ತಿಳಿಸುವುದು ನನ್ನ ಉದ್ದೇಶ. ರೋಗಿಯನ್ನು ಮಲಗಿಸಿ, ತಲೆಯನ್ನು ತಿರುಗಿಸಿ, ಕಣ್ಣಿನ ಚಲನೆಯನ್ನು ನೋಡಿದ ನಂತರವೇ ಇಲ್ಲಿ ಕಾಯಿಲೆಗೆ ಹೆಸರಿಡುತ್ತಾರೆ ಎಂಬುದೇ ಇದನ್ನು ಮೆಚ್ಚಲು ಮುಖ್ಯ ಕಾರಣ.

ಅತ್ತೆಯವರಿಗೆ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸಾಕು, ಅಥವಾ ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಕತ್ತೆತ್ತಿದರೆ ಸಾಕು, ಕೋಣೆಯೆಲ್ಲ ಗಿರ್ರನೆ ತಿರುಗಿದಂತಾಗುತ್ತಿತ್ತು. ಮೊದಲು ತೋರಿಸಿದ ಕಡೆ ಕೊರಳಿನ ಎಕ್ಸ್‌ರೇ ತೆಗೆಸಿ, ಸರ್ವೈಕಲ್ ಸ್ಪಾಂಡಿಲೋಸಿಸ್, ಅಂದರೆ ಕತ್ತಿನ ಮೂಳೆಯ ಸವೆತ ಎಂದು ಬರೆದು, ಕೊರಳಿಗೆ ಪಟ್ಟಿಯನ್ನೂ ತಲೆಸುತ್ತು ತಗ್ಗಿಸುವ ಮಾತ್ರೆಯನ್ನೂ ಕೊಟ್ಟು ಕಳಿಸಿದ್ದರು. ವಯಸ್ಸಾದವರ ಕತ್ತಿನ ಎಕ್ಸ್‌ರೇಯಲ್ಲಿ ಮೂಳೆಯ ಸವೆತ ಸಾಮಾನ್ಯವಾಗಿ ಕಂಡೇ ಕಾಣುತ್ತದೆ. ಕಂಡ ಮಾತ್ರಕ್ಕೆ ತಲೆಸುತ್ತಿಗೆ ಅದೇ ಮೂಲವೆಂದು ತೀರ್ಮಾನಿಸುವಂತಿಲ್ಲ. ಆ ಮಾತ್ರೆಗಳನ್ನು ದೀರ್ಘಕಾಲ ನುಂಗಿದರೆ ಮಂಪರು ಕವಿದು, ಹಿರಿಯರು ಬೀಳುವ ಅಪಾಯ ಇನ್ನೂ ಹೆಚ್ಚುತ್ತದೆ.

ಮಾಟುಂಗದಲ್ಲಿ ವೈದ್ಯರು ಮೊದಲು ಕೇಳಿದ್ದು, ಒಂದೊಂದು ಸಲ ಎಷ್ಟು ಹೊತ್ತು ತಿರುಗುತ್ತದೆ ಎಂದು. ಈ ಒಂದು ಪ್ರಶ್ನೆಯಿಂದಲೇ ಅರ್ಧ ದಾರಿ ಸವೆಯುತ್ತದೆ. ಮಗ್ಗುಲು ಬದಲಿಸಿದಾಗ ಕೆಲವು ಸೆಕೆಂಡು ಮಾತ್ರ ತಿರುಗಿ ನಿಲ್ಲುವುದಾದರೆ ಬಿಪಿಪಿವಿಯ, ಅಂದರೆ ತಲೆಯ ಭಂಗಿ ಬದಲಾದಾಗ ಒಳಗಿವಿಯ ದೋಷದಿಂದ ಬರುವ ತಲೆಸುತ್ತಿನ ಸಂದೇಹ ಬಲವಾಗುತ್ತದೆ. 20 ನಿಮಿಷದಿಂದ ಹಲವು ಗಂಟೆಗಳವರೆಗೆ ತಿರುಗಿ, ಜೊತೆಗೆ ಒಂದು ಕಿವಿ ಮಂದವಾಗಿ, ಗುಂಯ್‌ಗುಡುವ ಸದ್ದೂ ಇದ್ದರೆ ಮೆನಿಯರ್ ಎಂಬ ಒಳಗಿವಿಯ ಕಾಯಿಲೆಯನ್ನು ನೆನೆಯಬೇಕಾಗುತ್ತದೆ. ಬಿಡುವಿಲ್ಲದೆ ದಿನಗಟ್ಟಲೆ ತಿರುಗಿ ವಾಂತಿಯಾಗುತ್ತಿದ್ದು, ಕಿವಿ ಸರಿಯಾಗಿಯೇ ಕೇಳಿಸುತ್ತಿದ್ದರೆ ಅದು ಸಮತೋಲನದ ನರದ ಉರಿಯೂತ, ಅಂದರೆ ವೆಸ್ಟಿಬ್ಯುಲರ್ ನ್ಯೂರೈಟಿಸ್ ಇರಬಹುದು. ಮಲಗಿದ್ದವರು ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲೆ ಬರುವವರದ್ದು ರಕ್ತದೊತ್ತಡ ಕುಸಿಯುವ ತೊಂದರೆಯಾಗಿರುತ್ತದೆಂದು, ಅತ್ತೆಯವರ ಬಿಪಿಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮತ್ತೊಮ್ಮೆ ನೋಡಿದರು.

ನಂತರದ ಪರೀಕ್ಷೆಯ ಹೆಸರು ಡಿಕ್ಸ್-ಹಾಲ್‌ಪೈಕ್. ಮಾರ್ಗರೇಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಈ ವಿಧಾನಕ್ಕೆ ಒಂದು ಮಂಚವಿದ್ದರೆ ಸಾಕು. ಇಲ್ಲಿ ಮಾತ್ರ ಅದರ ಜೊತೆಗೆ ಒಳಗೆ ಕ್ಯಾಮೆರಾ ಇರುವ ಕನ್ನಡಕವನ್ನು ಕಟ್ಟುವುದರಿಂದ, ಕಣ್ಣಿನ ಚಿತ್ರ ಪಕ್ಕದ ಪರದೆಯ ಮೇಲೆ ದೊಡ್ಡದಾಗಿ ಮೂಡುತ್ತದೆ. ಅತ್ತೆಯವರ ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಬಾಗುವಂತೆ ಬೇಗನೆ ಮಲಗಿಸಿದರು. ಕೆಲವು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲಿನ ಕಣ್ಣುಗುಡ್ಡೆ ಮೇಲಕ್ಕೆ ಜಗ್ಗುತ್ತ, ಕೆಳಗಿದ್ದ ಬಲಗಿವಿಯ ಕಡೆಗೆ ಹೊರಳುತ್ತ, ಪಟಪಟನೆ ಅದುರತೊಡಗಿತು. ನಿಸ್ಟಾಗ್ಮಸ್ ಎನ್ನುವುದು ಇದನ್ನೇ. ಗಾಬರಿಯಿಂದ ಮಂಚದ ಅಂಚು ಹಿಡಿದುಕೊಂಡ ಅತ್ತೆಯವರಿಗೆ ಅಲ್ಲಿನ ಆಡಿಯಾಲಜಿಸ್ಟ್ (ಶ್ರವಣ ತಜ್ಞೆ), ಉಡುಪಿ ಕಡೆಯ ಹುಡುಗಿ, “ಕಣ್ಣು ಮುಚ್ಚಬೇಡಿ ಅಮ್ಮ, ಈಗ ನಿಲ್ಲುತ್ತದೆ, ನಾನು ಹಿಡಿದುಕೊಂಡಿದ್ದೇನೆ” ಎಂದು ಧೈರ್ಯ ಹೇಳುತ್ತಿದ್ದರು. ಒಂದು ನಿಮಿಷ ತುಂಬುವ ಮೊದಲೇ ಅದುರುವುದು ನಿಂತಿತು. ಎಡಕ್ಕೆ ಮಲಗಿಸಿದಾಗ ಏನೂ ಕಾಣಲಿಲ್ಲ.

ಇದು ಬಲಗಿವಿಯ ಬಿಪಿಪಿವಿ ಎಂದಾಯಿತು. ಅದರ ಕಾರಣವನ್ನು ವೈದ್ಯರು ಒಳಗಿವಿಯ ಮಾದರಿಯನ್ನು ಮೇಜಿನ ಮೇಲಿಟ್ಟು ವಿವರಿಸಿದರು. ಪ್ರತಿ ಕಿವಿಯೊಳಗೂ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳಿವೆ; ತಲೆ ಯಾವ ದಿಕ್ಕಿಗೆ ತಿರುಗಿತೆಂದು ಮೆದುಳಿಗೆ ತಿಳಿಸುವುದು ಅವುಗಳ ಕೆಲಸ. ಅವುಗಳ ಬುಡದಲ್ಲಿರುವ ಯೂಟ್ರಿಕಲ್ ಎಂಬ ಚೀಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಅಂಟಿಕೊಂಡಿರುತ್ತವೆ. ವಯಸ್ಸಿನಿಂದಲೋ ತಲೆಗೆ ಬಿದ್ದ ಪೆಟ್ಟಿನಿಂದಲೋ ಅವು ಕಳಚಿ ನಾಳದೊಳಗೆ, ಹೆಚ್ಚಾಗಿ ಹಿಂಬದಿಯ ನಾಳದೊಳಗೆ ಸೇರಿಕೊಂಡರೆ, ತಲೆ ಅಲುಗಾಡುವುದು ನಿಂತ ಮೇಲೂ ಹರಳು ಜಾರುತ್ತ ದ್ರವವನ್ನು ಕದಲಿಸುತ್ತದೆ; ತಲೆ ಇನ್ನೂ ತಿರುಗುತ್ತಲೇ ಇದೆಯೆಂದು ಮೆದುಳು ತಿಳಿಯುತ್ತದೆ. ಹರಳನ್ನು ಕರಗಿಸುವ ಮಾತ್ರೆಯಿಲ್ಲ. ಅದನ್ನು ಬಂದ ದಾರಿಯಲ್ಲೇ ಯೂಟ್ರಿಕಲ್‌ಗೆ ಮರಳಿಸಬೇಕು. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ ವೈದ್ಯರು ಮಲಗಿದ್ದ ಅತ್ತೆಯವರ ತಲೆಯನ್ನು ಬಲದಿಂದ ಎಡಕ್ಕೆ ಹೊರಳಿಸಿ, ಮೈಯನ್ನೂ ಎಡಮಗ್ಗುಲಿಗೆ ತಂದು ಮೂಗು ನೆಲ ನೋಡುವಂತೆ ಮಾಡಿ, ಪ್ರತಿ ಭಂಗಿಯಲ್ಲೂ ತಿರುಗುವುದು ನಿಲ್ಲುವವರೆಗೆ ಕಾದು, ಕೊನೆಗೆ ನಿಧಾನವಾಗಿ ಎಬ್ಬಿಸಿ ಕೂರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಲಕ್ಕೆ ಮಲಗಿಸಿ ನೋಡಿದಾಗ ಕಣ್ಣು ಅಲುಗದೆ ನಿಂತಿತ್ತು. ಎಂಆರ್‌ಐ ಬರೆಯಲಿಲ್ಲ, ಕಿವಿಗೆ ಬಿಸಿನೀರು ತಣ್ಣೀರು ಬಿಡುವ ಪರೀಕ್ಷೆಯನ್ನೂ ಹೇರಲಿಲ್ಲ. ದುಬಾರಿ ಪ್ಯಾಕೇಜುಗಳಿಗೆ ಒಗ್ಗಿಹೋದ ಈ ನಗರದಲ್ಲಿ ಅಂತಹ ಸಂಯಮಕ್ಕೆ ಮನಸ್ಸು ತುಂಬಿ ನಮಸ್ಕಾರ ಹೇಳಬೇಕು.

ಕೊರತೆಗಳೂ ಇವೆ. ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದ್ದು, ಲಿಫ್ಟ್ ಇಲ್ಲ. ತಲೆ ತಿರುಗುವವರನ್ನು ಕಡಿದಾದ ಮೆಟ್ಟಿಲಿನಲ್ಲಿ ಹತ್ತಿಸುವುದು ಸರಿಯಲ್ಲ. ಕಟ್ಟಡ ಹಳೆಯದಾದರೂ ಎರಡೂ ಬದಿಗೆ ಗಟ್ಟಿಯಾದ ಹಿಡಿಕೆಯನ್ನಾದರೂ ಹಾಕಿಸಬಹುದಿತ್ತು. ಎರಡು ರಾತ್ರಿ ದಿಂಬಿಗೆ ಒರಗಿ ಕೂತೇ ಮಲಗಬೇಕೆಂದು ಕೌಂಟರಿನಲ್ಲಿ ಕೊಟ್ಟ ಚೀಟಿ ಹೇಳುತ್ತದೆ. ಎಪ್ಲಿ ಮಾಡಿಸಿಕೊಂಡ ಮೇಲೆ ಇಂಥ ನಿರ್ಬಂಧ ಬೇಡವೆಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿರುವಾಗ, ವಯಸ್ಸಾದವರ ಬೆನ್ನನ್ನು ನೋಯಿಸುವ ಆ ಹಳೆಯ ಚೀಟಿಯನ್ನು ಬದಲಿಸಬೇಕು. ಅಪಾಯಿಂಟ್‌ಮೆಂಟ್ ಇದ್ದರೂ ಬಹಳ ಹೊತ್ತು ಕಾಯಬೇಕಾಗುತ್ತದೆ.

ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನ ಬಲ ಕುಂದುವುದು, ಮುಖ ಸೊಟ್ಟಗಾಗುವುದು, ಹಿಡಿದರೂ ನಿಲ್ಲಲಾಗದಿರುವುದು ಇವುಗಳಲ್ಲಿ ಯಾವುದಾದರೂ ತಲೆಸುತ್ತಿನ ಜೊತೆಗೆ ಹಠಾತ್ತನೆ ಕಾಣಿಸಿಕೊಂಡರೆ ಇಲ್ಲಿಗೆ ಬರಬೇಡಿ. ಪಾರ್ಶ್ವವಾಯುವಿನ ಶಂಕೆಯಿಂದ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕತ್ತಿನ ಮೂಳೆಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಮಲಗಿಸುವ ಮುನ್ನವೇ ವೈದ್ಯರಿಗೆ ತಿಳಿಸಿ. ಬಿಪಿಪಿವಿ ಮರುಕಳಿಸುವುದುಂಟು, ಆಗ ಮತ್ತೊಮ್ಮೆ ಎಪ್ಲಿ ಮಾಡಿಸಿಕೊಂಡರಾಯಿತು. ತಲೆಸುತ್ತಿನ ಮಾತ್ರೆಗಳು ಕಣ್ಣಿನ ಚಲನೆಯನ್ನು ಮಂಕುಗೊಳಿಸಿ ಪರೀಕ್ಷೆಯನ್ನು ದಾರಿತಪ್ಪಿಸಬಹುದಾದ್ದರಿಂದ, ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಫೋನಿನಲ್ಲಿ ಕೇಳಿಕೊಳ್ಳಿ. ಹೊಟ್ಟೆ ತುಂಬ ಊಟ ಮಾಡಿ ಹೋಗಬೇಡಿ, ಜೊತೆಗೆ ಒಬ್ಬರು ಇರಲಿ. ಡೊಂಬಿವಲಿ, ಮುಲುಂಡ್ ಕಡೆಯಿಂದ ಬರುವವರು ನೂಕುನುಗ್ಗಲಿಲ್ಲದ ಮಧ್ಯಾಹ್ನದ ಸ್ಲೋ ಲೋಕಲ್ ಹಿಡಿದರೆ ಹಿರಿಯರಿಗೆ ಕೂರಲು ಜಾಗ ಸಿಗುತ್ತದೆ.