ರೋಗಾಣುಗಳನ್ನು ಓದಲು ಮೂರು ದಾರಿ: ಕೊಂಡ ವಿಡಿಯೊ, ಸಿದ್ಧ ಕಾರ್ಡು, ಕೈಯಾರೆ ಬರೆದ ಕಾರ್ಡು

ಎಂಬಿಬಿಎಸ್ ಎರಡನೆಯ ವರ್ಷದ ಆರಂಭದಲ್ಲಿ, ರೋಗಾಣುಗಳ ಶಾಸ್ತ್ರವಾದ ಮೈಕ್ರೊಬಯಾಲಜಿಗೆಂದು ವಿದ್ಯಾರ್ಥಿವೇತನದ ಹಣದಿಂದ 6,000 ರೂಪಾಯಿ ಕೊಟ್ಟು ಒಂದು ವರ್ಷದ ವಿಡಿಯೊ ಚಂದಾ ಕೊಂಡೆ. ಕಾಲೇಜಿನ ಮೊದಲ ಆಂತರಿಕ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಆಮೇಲೆ ಎರಡು ತಿಂಗಳು, ಉಚಿತವಾಗಿ ಸಿಗುವ ಸಿದ್ಧ ಡಿಜಿಟಲ್ ಕಾರ್ಡುಗಳನ್ನು (ಮುಂದೆ ಪ್ರಶ್ನೆ, ಹಿಂದೆ ಉತ್ತರ) ನೆಚ್ಚಿಕೊಂಡೆ. ಕೊನೆಗೆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ನನ್ನ ಕೈಹಿಡಿದದ್ದು ಹಾಸ್ಟೆಲ್ ಪಕ್ಕದ ಸ್ಟೇಷನರಿ ಅಂಗಡಿಯಿಂದ 240 ರೂಪಾಯಿಗೆ ತಂದ ದಪ್ಪ ಹಾಳೆಗಳು. ಅವನ್ನು ಪೋಸ್ಟ್‌ಕಾರ್ಡಿನ ಅಳತೆಗೆ ಕತ್ತರಿಸಿ ನಾನೇ ಬರೆದುಕೊಂಡ 112 ಕಾರ್ಡುಗಳು. ನನ್ನ ಒಲವು ಆ ಮೂರನೆಯದರ ಕಡೆಗೇ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಪಠ್ಯಪುಸ್ತಕವನ್ನು ಈ ಹೋಲಿಕೆಗೆ ತಂದಿಲ್ಲ, ಏಕೆಂದರೆ ಮೂರರಲ್ಲಿ ಯಾವುದನ್ನು ಹಿಡಿದರೂ ಅದು ಮೇಜಿನ ಮೇಲೆ ತೆರೆದಿರಲೇಬೇಕು.

ವಿಡಿಯೊಗಳ ಕ್ರಮ ಹೀಗಿತ್ತು: ಪ್ರತಿ ಬ್ಯಾಕ್ಟೀರಿಯಕ್ಕೂ ಒಂದು ದೊಡ್ಡ ಚಿತ್ರ, ಆ ಚಿತ್ರದಲ್ಲಿ ಒಂದು ಕಥೆ, ಕಥೆಯೊಳಗಿನ ಒಂದೊಂದು ವಸ್ತುವೂ ಆ ಬ್ಯಾಕ್ಟೀರಿಯದ ಒಂದೊಂದು ಲಕ್ಷಣದ ಗುರುತು. ಇದರಿಂದ ನನಗೆ ಲಾಭವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಟಾಕ್ಸಿನ್‌ಗಳ, ಅಂದರೆ ಬ್ಯಾಕ್ಟೀರಿಯಗಳ ವಿಷಗಳ, ಮಟ್ಟಿಗೆ ಇಂದಿಗೂ ಆ ಚಿತ್ರಗಳೇ ನನಗೆ ಆಧಾರ. ಟೆಟನಸ್ ಟಾಕ್ಸಿನ್, ಸ್ನಾಯುವಿನ ಬಿಗಿತವನ್ನು ತಡೆಹಿಡಿಯುವ ನರಸಂದೇಶಕಗಳಾದ ಗ್ಲೈಸಿನ್ ಮತ್ತು ಗಾಬಾ ಬಿಡುಗಡೆಯನ್ನು ತಡೆಯುವುದರಿಂದ ಸ್ನಾಯು ಸೆಟೆದುಕೊಳ್ಳುತ್ತದೆ, ಬಾಟ್ಯುಲಿನಮ್ ಟಾಕ್ಸಿನ್, ಸ್ನಾಯುವನ್ನು ಕುಗ್ಗಿಸುವ ನರಸಂದೇಶಕವಾದ ಅಸಿಟೈಲ್‌ಕೋಲಿನ್ ಬಿಡುಗಡೆಯನ್ನು ತಡೆಯುವುದರಿಂದ ಸ್ನಾಯು ಸೋತುಹೋಗುತ್ತದೆ ಎಂಬ ವ್ಯತ್ಯಾಸವನ್ನು ನಾನು ಎಂದೂ ಮರೆಯಲಾರೆ. ಕಾಲರಾದ ಟಾಕ್ಸಿನ್ ಕರುಳಿನ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಏರಿಸಿ ನೀರನ್ನು ಹೊರಕ್ಕೆ ಸುರಿಸುವ ಬಗೆಯೂ ಚಿತ್ರವಾಗಿಯೇ ಮನಸ್ಸಿನಲ್ಲಿ ಉಳಿದಿದೆ. (ಆ ಟಾಕ್ಸಿನ್ ಇದೆಯೆಂದು ಮೊಲದ ಕರುಳನ್ನು ಕಟ್ಟಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ಡೇ, 1959ರಲ್ಲಿ. ಈ ಹೆಸರು ನನ್ನ ವಿಡಿಯೊದಲ್ಲಿ ಬರಲಿಲ್ಲವೆಂಬುದು ನನಗೆ ಈಗಲೂ ಬೇಸರದ ಸಂಗತಿ.)

ಆದರೆ ಒಂದು ತೊಡಕು ನನ್ನನ್ನು ಇಡೀ ವರ್ಷ ಕಾಡಿತು. ಈ ಚಿತ್ರಗಳೆಲ್ಲ ನಿಂತಿರುವುದು ಇಂಗ್ಲಿಷ್ ಪದಗಳ ಧ್ವನಿಸಾಮ್ಯದ ಮೇಲೆ. ಕೆಟಲೇಸ್ ಎಂಬ ಕಿಣ್ವಕ್ಕೆ ಅಲ್ಲಿ ಬೆಕ್ಕು ಗುರುತು, ಏಕೆಂದರೆ ಬೆಕ್ಕಿನ ಇಂಗ್ಲಿಷ್ ಹೆಸರು ಆ ಪದದ ಮೊದಲ ಭಾಗದಂತೆ ಕೇಳಿಸುತ್ತದೆ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಣ್ಣು ಮುಚ್ಚಿದರೆ ಬೆಕ್ಕು ಕಾಣುತ್ತದೆ, ಆದರೆ ಮನಸ್ಸು ಅದನ್ನು ‘ಬೆಕ್ಕು’ ಎಂದೇ ಕರೆಯುತ್ತದೆ. ಆ ಬೆಕ್ಕನ್ನು ಮೊದಲು ಇಂಗ್ಲಿಷಿಗೆ ಒಯ್ದು, ಅಲ್ಲಿಂದ ಕಿಣ್ವದ ಹೆಸರಿಗೆ ದಾಟಿಸಿ, ಆಮೇಲೆ ಉತ್ತರಕ್ಕೆ ಬರಬೇಕು. ಒಂದು ಚಿತ್ರದಲ್ಲಿ ಇಂತಹ ಹದಿನೈದು ಗುರುತುಗಳಿದ್ದರೆ ಹದಿನೈದು ಬಾರಿ ಹೀಗೆ ದಾಟಬೇಕು. ಇನ್ನು ಕೆಲವು ಗುರುತುಗಳು ನಾನು ಕಂಡರಿಯದ ಆಟಗಳಿಂದ, ಹಬ್ಬಗಳಿಂದ, ತಿನಿಸುಗಳಿಂದ ಬಂದಿದ್ದವು. ಅವುಗಳ ಅರ್ಥವನ್ನು ಮೊದಲು ಹುಡುಕಿ ತಿಳಿದು, ನಂತರ ಬ್ಯಾಕ್ಟೀರಿಯವನ್ನು ಕಲಿಯಬೇಕಾಯಿತು. ನೆನಪನ್ನು ಸುಲಭ ಮಾಡಬೇಕಾದ ಸಾಧನವೇ ನೆನಪಿಡಬೇಕಾದ ಇನ್ನೊಂದು ಪಾಠವಾಗಿಬಿಟ್ಟಿತ್ತು.

ಇದರ ನಿಜವಾದ ಬೆಲೆ ತಿಳಿದದ್ದು ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯವನ್ನು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯದಿಂದ ಹೇಗೆ ಬೇರ್ಪಡಿಸುತ್ತೀಯಮ್ಮಾ ಎಂದು ಮೇಡಂ ಕೇಳಿದರು. ಬೆಕ್ಕು ನೆನಪಾಯಿತು, ಕೆಟಲೇಸ್ ಪರೀಕ್ಷೆ ಎಂದೆ. ಹೇಗೆ ಮಾಡುತ್ತೀ ಎಂದರು; ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಸ್ಟ್ಯಾಫಿಲೊಕಾಕಸ್ ಆದರೆ ಗುಳ್ಳೆ ಬರುತ್ತದೆ ಎಂದೆ. ಬ್ಯಾಕ್ಟೀರಿಯ ಬೆಳೆಸಲು ರಕ್ತ ಬೆರೆಸಿದ ಮೀಡಿಯಮ್ ಆದ ಬ್ಲಡ್ ಅಗಾರ್‌ನಿಂದ ಕಾಲೊನಿಯನ್ನು (ಅಲ್ಲಿ ಬೆಳೆದ ಬ್ಯಾಕ್ಟೀರಿಯದ ಗುಂಪನ್ನು) ಎತ್ತುವಾಗ ಏನು ಎಚ್ಚರಿಕೆ ಬೇಕು ಎಂಬ ಮೂರನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೆಂಪು ರಕ್ತಕಣಗಳಲ್ಲಿಯೂ ಕೆಟಲೇಸ್ ಇರುವುದರಿಂದ ಕಾಲೊನಿಯ ಜೊತೆಗೆ ಅಗಾರ್ ಅಂಟಿಕೊಂಡು ಬಂದರೆ ಸ್ಟ್ರೆಪ್ಟೊಕಾಕಸ್ ಕೂಡ ಗುಳ್ಳೆ ಕೊಟ್ಟಂತೆ ಕಾಣುತ್ತದೆ, ಕಬ್ಬಿಣದ ಅಂಶವಿರುವ ತಂತಿಯ ಲೂಪ್ ಬಳಸಿದರೂ ಅದೇ ತಪ್ಪಾಗುತ್ತದೆ, ಆದ್ದರಿಂದ ಗಾಜಿನ ಕಡ್ಡಿ ಅಥವಾ ಮರದ ಕಡ್ಡಿ ಬಳಸಬೇಕು ಎಂದು ಅವರೇ ತಾಳ್ಮೆಯಿಂದ ವಿವರಿಸಿದರು. ಚಿತ್ರ ನನಗೆ ಪರೀಕ್ಷೆಯ ಹೆಸರನ್ನಷ್ಟೇ ಕೊಟ್ಟಿತ್ತು. ಆ ಪರೀಕ್ಷೆಯನ್ನು ಯಾವಾಗ, ಯಾವ ಸ್ಯಾಂಪಲ್ ಮೇಲೆ, ಯಾವುದಾದ ನಂತರ ಮಾಡಬೇಕು ಎಂಬ ಅನುಕ್ರಮ ಚಿತ್ರದಲ್ಲಿ ಇರಲಿಲ್ಲ. ಚಿತ್ರದಲ್ಲಿ ಎಲ್ಲವೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನಿಂತಿರುತ್ತವೆ. ಲ್ಯಾಬಿನಲ್ಲಿ ಅವು ಒಂದಾದ ಮೇಲೊಂದು ಬರುತ್ತವೆ.

ಪ್ರಾಕ್ಟಿಕಲ್‌ಗೆ ವಿಡಿಯೊಗಳಿಂದ ಸ್ವಲ್ಪವೂ ನೆರವಾಗಲಿಲ್ಲ. ಬ್ಯಾಕ್ಟೀರಿಯಗಳಿಗೆ ಬಣ್ಣ ಹಾಕಿ ಎರಡು ಗುಂಪಾಗಿ ವಿಂಗಡಿಸುವ ಗ್ರಾಂ ಸ್ಟೇನ್ ಎಂದರೆ ನೇರಳೆ (ಪಾಸಿಟಿವ್) ಮತ್ತು ಗುಲಾಬಿ (ನೆಗೆಟಿವ್) ಎಂಬುದು ವಿಡಿಯೊದಿಂದ ಗೊತ್ತಿತ್ತು, ಆದರೆ ನನ್ನ ಮೊದಲ ನಾಲ್ಕು ಸ್ಲೈಡುಗಳಲ್ಲಿ ಕೀವಿನ ಕಣಗಳೂ ಸೇರಿ ಎಲ್ಲವೂ ನೇರಳೆಯಾಗಿಯೇ ಕಂಡವು. ಕ್ರಿಸ್ಟಲ್ ವಯೊಲೆಟ್ ಒಂದು ನಿಮಿಷ, ಅಯೊಡಿನ್ ಒಂದು ನಿಮಿಷ, ಬಣ್ಣ ತೆಗೆಯುವ ಅಸಿಟೋನ್ ಮಾತ್ರ ಎರಡು ಮೂರು ಸೆಕೆಂಡು: ಈ ಕೊನೆಯ ಹೆಜ್ಜೆಯಲ್ಲಿ ನನ್ನ ಕೈ ಹೆದರಿ ಬೇಗ ನೀರು ಸುರಿಯುತ್ತಿತ್ತು. ಕೀವಿನ ಕಣಗಳ ನ್ಯೂಕ್ಲಿಯಸ್ ಗುಲಾಬಿಯಾಗಿದೆಯೇ ಎಂದು ಮೊದಲು ನೋಡು, ಅದು ನೇರಳೆಯಾಗಿದ್ದರೆ ಬ್ಯಾಕ್ಟೀರಿಯದ ಬಣ್ಣವನ್ನು ನಂಬಬೇಡ ಎಂದು ಲ್ಯಾಬಿನ ಪಿಜಿ (ಸ್ನಾತಕೋತ್ತರ) ಅಕ್ಕ ಹೇಳಿಕೊಟ್ಟ ಒಂದು ಮಾತು ನನಗೆ ಎಲ್ಲ ವಿಡಿಯೊಗಳಿಗಿಂತ ದೊಡ್ಡದಾಯಿತು. ನನ್ನ ಮೊದಲ ಕಾರ್ಡಿನಲ್ಲಿ ಬರೆದದ್ದು ಇದನ್ನೇ.

ಸಿದ್ಧ ಡಿಜಿಟಲ್ ಕಾರ್ಡುಗಳ ವಿಷಯ ಬೇಗ ಮುಗಿಯುತ್ತದೆ. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವ ಅವುಗಳ ತತ್ವ ಒಳ್ಳೆಯದು. ಬಸ್ಸಿನಲ್ಲಿ ನಿಂತುಕೊಂಡೇ ಓದಬಹುದು, ಹಣವೂ ಬೇಡ. ಆದರೆ ಬೇರೊಬ್ಬರು ಬೇರೊಂದು ಪರೀಕ್ಷೆಗಾಗಿ ಬರೆದ ಸಾವಿರಾರು ಕಾರ್ಡುಗಳಲ್ಲಿ ಪ್ರಶ್ನೆಯ ಮೊದಲ ಎರಡು ಪದ ನೋಡಿದ ಕೂಡಲೇ ಬೆರಳು ಉತ್ತರವನ್ನು ಒತ್ತುತ್ತಿತ್ತು. ನಾನು ಕಲಿತದ್ದು ಕಾರ್ಡಿನ ಆಕಾರವನ್ನೇ ಹೊರತು ಬ್ಯಾಕ್ಟೀರಿಯವನ್ನಲ್ಲ. ದೀಪಾವಳಿಗೆ ಊರಿಗೆ ಹೋಗಿ ನಾಲ್ಕು ದಿನ ಬಿಟ್ಟಾಗ 900 ಕಾರ್ಡು ಬಾಕಿ ಉಳಿದವು. ಅಲ್ಲಿಗೆ ಕೈಬಿಟ್ಟೆ.

ಕೋಚಿಂಗ್ ಆ್ಯಪ್‌ನ ರೆಕಾರ್ಡ್ ಮಾಡಿದ ತರಗತಿಗಳನ್ನು ಒಂದು ವಾರ ನೋಡಿದೆ. ನನಗೆ ನಿದ್ದೆ ಬಂತು, ಆದ್ದರಿಂದ ಅವುಗಳ ಗುಣಾವಗುಣ ಹೇಳುವ ಅಧಿಕಾರ ನನಗಿಲ್ಲ.

ನಾನೇ ಬರೆದ ಕಾರ್ಡುಗಳಿಗೆ ಒಂದೇ ನಿಯಮ ಹಾಕಿಕೊಂಡೆ. ಮುಂಬದಿಯಲ್ಲಿ ಬ್ಯಾಕ್ಟೀರಿಯದ ಹೆಸರು ಇರಕೂಡದು, ಒಬ್ಬ ರೋಗಿ ಇರಬೇಕು; ಹಿಂಬದಿಯಲ್ಲಿ ಯಾವ ಸ್ಯಾಂಪಲ್, ಸ್ಲೈಡಿನಲ್ಲಿ ಏನು ಕಾಣುತ್ತದೆ, ಯಾವ ಮೀಡಿಯಮ್, ಯಾವ ಪರೀಕ್ಷೆ, ಯಾವ ಔಷಧ ಎಂಬುದು ಅದೇ ಕ್ರಮದಲ್ಲಿ ಇರಬೇಕು. ಪಾರಿಭಾಷಿಕ ಪದಗಳು ಇಂಗ್ಲಿಷಿನವೇ, ಏಕೆಂದರೆ ಉತ್ತರ ಬರೆಯುವುದು ಇಂಗ್ಲಿಷಿನಲ್ಲಿ. ಆದರೆ ಅವುಗಳನ್ನು ಜೋಡಿಸುವ ವಾಕ್ಯಗಳು ಕನ್ನಡದವು. ಟೈಫಾಯ್ಡ್‌ಗೆ ಮೊದಲ ವಾರ ರಕ್ತದ ಕಲ್ಚರ್ (ಬ್ಯಾಕ್ಟೀರಿಯ ಬೆಳೆಸಿ ನೋಡುವುದು), ಎರಡನೆಯ ವಾರ ಪ್ರತಿಕಾಯಗಳನ್ನು ಹುಡುಕುವ ವಿಡಾಲ್ ಪರೀಕ್ಷೆಗೆ ಸೀರಮ್, ಮೂರನೆಯ ವಾರ ಮಲ, ನಾಲ್ಕನೆಯ ವಾರ ಮೂತ್ರ ಎಂಬುದಕ್ಕೆ ‘ರಸೀಮಮೂ’ ಎಂದು ಬರೆದುಕೊಂಡೆ. ಅದಕ್ಕೆ ಚಿತ್ರವೂ ಬೇಡ, ಭಾಷಾಂತರವೂ ಬೇಡ.

ಕನ್ನಡದಲ್ಲಿ ಬರೆದುಕೊಂಡದ್ದರ ಪೂರ್ಣ ಬಲ ತಿಳಿದದ್ದು ಪ್ಲೇಗ್‌ನ ಕಾರ್ಡಿನಲ್ಲಿ. ಅದರ ಬ್ಯಾಕ್ಟೀರಿಯವಾದ ಯೆರ್ಸಿನಿಯಾ ಪೆಸ್ಟಿಸ್ ಅನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದರು. 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಆ ರೋಗ ಬಂತು. ಬೆಂಗಳೂರಿನ ಪ್ಲೇಗ್ ಮಾರಮ್ಮನ ಗುಡಿಗಳು ಆ ಕಾಲದ ನೆನಪುಗಳೇ. ನನ್ನ ಅಜ್ಜಿ ತನ್ನ ತಾಯಿಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು: ಮನೆಯಲ್ಲಿ ‘ಇಲಿ ಬಿತ್ತು’ ಎಂದರೆ ಸಾಕು, ಊರವರು ಪಾತ್ರೆ ಪಡಗ ಹೊತ್ತು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಆ ಎರಡು ಪದಗಳಲ್ಲಿ ರೋಗದ ಇಡೀ ದಾರಿ ಅಡಗಿದೆ ಎಂದು ನನಗೆ ಹೊಳೆದದ್ದು ಕಾರ್ಡು ಬರೆಯುವಾಗ. ಮೊದಲು ಇಲಿ ಸಾಯುತ್ತದೆ; ಅದರ ಮೈ ತಣ್ಣಗಾದಾಗ ಚಿಗಟಗಳು ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತವೆ; ಚಿಗಟದ ಜಠರದ ಬಾಯಿ ಬ್ಯಾಕ್ಟೀರಿಯದಿಂದ ಕಟ್ಟಿಕೊಂಡಿರುವುದರಿಂದ ಅದು ಕಚ್ಚಿದಾಗ ಹೀರಿದ ರಕ್ತ ಬ್ಯಾಕ್ಟೀರಿಯದೊಡನೆ ಗಾಯಕ್ಕೇ ಹಿಂತಿರುಗುತ್ತದೆ; ಕೆಲವು ದಿನಗಳಲ್ಲಿ ತೊಡೆಯ ಸಂದಿನಲ್ಲಿ ಗಡ್ಡೆ ಏಳುತ್ತದೆ. ಮುಂಬದಿಯಲ್ಲಿ ‘ಇಲಿ ಬಿದ್ದ ಮನೆಯಿಂದ ಬಂದ ರೋಗಿ, ಜ್ವರ, ಸಂದಿನಲ್ಲಿ ಗಡ್ಡೆ’ ಎಂದು ಬರೆದೆ. ಹಿಂಬದಿಯನ್ನು ಎರಡನೆಯ ಬಾರಿ ನೋಡಬೇಕಾಗಲಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಹೊರಗಿನಿಂದ ತಂದ ಚಿತ್ರಗಳ ನಡುವೆ, ನನ್ನ ಮನೆಯಲ್ಲೇ ಇದ್ದ ಈ ಮಾತನ್ನು ಒಂದು ವರ್ಷ ಉಪಯೋಗಿಸದೆ ಇಟ್ಟಿದ್ದೆನಲ್ಲ ಎಂದು ನಿಜವಾಗಿಯೂ ನೊಂದುಕೊಂಡೆ.

ಅದರ ಜೊತೆಗಾರ ಕಾರ್ಡು ಮೆಲಿಯಾಯ್ಡೋಸಿಸ್‌ನದು. ನಾನು ಕೊಂಡ ವಿಡಿಯೊಗಳಲ್ಲಿ ಇದಕ್ಕೆ ಒಂದು ಚಿತ್ರವೂ ಇರಲಿಲ್ಲ. ಆದರೆ ಉಡುಪಿ, ದಕ್ಷಿಣ ಕನ್ನಡದ ಕಡೆ ಮಳೆಗಾಲದಲ್ಲಿ ವೈದ್ಯರು ಎದುರಿಸಬೇಕಾದ ರೋಗ ಇದು. 1912ರಲ್ಲಿ ರಂಗೂನಿನಿಂದ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಮೊದಲು ವರದಿ ಮಾಡಿದರು. ಮಣ್ಣಿನಲ್ಲಿ, ನೀರಿನಲ್ಲಿ ಇರುವ ಇದರ ಬ್ಯಾಕ್ಟೀರಿಯ ಬರ್ಖೋಲ್ಡೇರಿಯಾ ಸ್ಯೂಡೊಮಲ್ಲೈ ಹೆಚ್ಚಾಗಿ ಸಕ್ಕರೆ ಕಾಯಿಲೆ ಇರುವವರನ್ನು ಹಿಡಿಯುತ್ತದೆ. ಶ್ವಾಸಕೋಶದಲ್ಲಿ ನಿಂತರೆ ಕ್ಷಯವೆಂದೂ, ಕಲ್ಚರಿನಲ್ಲಿ ಬೆಳೆದರೆ ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯವೆಂದೂ ತಪ್ಪು ತಿಳಿಯುವ ಸಾಧ್ಯತೆ ಇದೆ. ಪ್ಲೇಗ್‌ನ ಬ್ಯಾಕ್ಟೀರಿಯದಂತೆ ಇದೂ ಎರಡು ತುದಿಗಳಲ್ಲಿ ಮಾತ್ರ ಬಣ್ಣ ಹಿಡಿದು ಸ್ಲೈಡಿನಲ್ಲಿ ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಎರಡೂ ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಬರೆದುಕೊಂಡೆ: ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆಯಲ್ಲಿ ಪ್ಲೇಗ್‌ನದು ನೆಗೆಟಿವ್, ಇದು ಪಾಸಿಟಿವ್, ಪ್ಲೇಗ್‌ಗೆ ಜೆಂಟಾಮೈಸಿನ್ ಮದ್ದು, ಇದು ಸಾಮಾನ್ಯವಾಗಿ ಜೆಂಟಾಮೈಸಿನ್‌ಗೆ ಬಗ್ಗುವುದೇ ಇಲ್ಲ. ಆ ಗುಣವನ್ನೇ ಬಳಸಿಕೊಂಡು ಆ್ಯಶ್‌ಡೌನ್ ಮೀಡಿಯಮ್‌ಗೆ ಜೆಂಟಾಮೈಸಿನ್ ಸೇರಿಸುತ್ತಾರೆ. ಬೇರೆ ಬ್ಯಾಕ್ಟೀರಿಯಗಳು ಅಡಗಿ ಇದೊಂದು ಸುಕ್ಕುಗಟ್ಟಿದ ನೇರಳೆ ಕಾಲೊನಿಯಾಗಿ ಬೆಳೆಯುತ್ತದೆ. ಚಿಕಿತ್ಸೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್‌ನಿಂದ ಆರಂಭವಾಗಿ, ಆಮೇಲೆ ಕನಿಷ್ಠ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಕರಾವಳಿಯಲ್ಲಿ ಕೆಲಸ ಮಾಡಬೇಕೆಂದಿರುವ ನನಗೆ ಈ ಒಂದು ಕಾರ್ಡು ಪರೀಕ್ಷೆಯ ಅಂಕಗಳಿಗಿಂತ ಮುಖ್ಯ.

ಕೈಬರಹಕ್ಕೆ ಎರಡು ದೋಷಗಳಿವೆ. ಸಮಯ ಬಹಳ ಬೇಕು. ಆರಂಭದಲ್ಲಿ ಒಂದು ಕಾರ್ಡಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಎರಡನೆಯದು ಹೆಚ್ಚು ಗಂಭೀರ: ತಪ್ಪು ಬರೆದುಕೊಂಡರೆ ತಿದ್ದುವವರು ಯಾರೂ ಇರುವುದಿಲ್ಲ. ಆಮ್ಲದಿಂದ ತೊಳೆದರೂ ಬಣ್ಣ ಬಿಡದ ಬ್ಯಾಕ್ಟೀರಿಯಗಳನ್ನು ತೋರಿಸುವ ಜೀಲ್-ನೀಲ್ಸನ್ ಸ್ಟೇನ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಕ್ಕೆ 20 ಪ್ರತಿಶತ ಸಲ್ಫ್ಯೂರಿಕ್ ಆಮ್ಲ, ಅಷ್ಟು ಆಮ್ಲವನ್ನು ತಡೆದುಕೊಳ್ಳದ ಕುಷ್ಠದ ಬ್ಯಾಕ್ಟೀರಿಯಕ್ಕೆ 5 ಪ್ರತಿಶತ ಎಂಬುದನ್ನು ನಾನು ಅದಲುಬದಲಾಗಿ ಬರೆದು ಎರಡು ತಿಂಗಳು ಹಾಗೆಯೇ ಓದಿದ್ದೆ. ಪಿಜಿ ಅಕ್ಕನ ಕಣ್ಣಿಗೆ ಬೀಳದಿದ್ದರೆ ಪರೀಕ್ಷೆಯಲ್ಲೂ ಅದೇ ಬರುತ್ತಿತ್ತು. ಅಂದಿನಿಂದ ಪ್ರತಿ ಕಾರ್ಡನ್ನೂ ಬರೆದ ಮರುದಿನ ಪಠ್ಯಪುಸ್ತಕದೊಡನೆ ಸಾಲು ಸಾಲಾಗಿ ತಾಳೆ ನೋಡುತ್ತೇನೆ, ರೂಮ್‌ಮೇಟ್ ಕೈಗೂ ಒಮ್ಮೆ ಕೊಡುತ್ತೇನೆ.

ನಾನು ಬೆಳಗ್ಗೆ ಐದಕ್ಕೆ ಎದ್ದು ಓದುವವಳು. ಆ ಹೊತ್ತಿನಲ್ಲಿ ಫೋನ್ ಕೈಗೆ ಬಂದರೆ ಓದು ಹಾಳಾಗುತ್ತದೆ, ಹಾಸ್ಟೆಲ್‌ನ ವೈಫೈ ನಂಬುವಂತಿಲ್ಲ, ಮನೆಯಿಂದ ಬರುವ ಹಣದಲ್ಲಿ ಮತ್ತೊಮ್ಮೆ 6,000 ತೆಗೆಯಲಾರೆ. ಆದ್ದರಿಂದ ಚಂದಾ ಮುಗಿದ ಮೇಲೆ ಅದನ್ನು ಮುಂದುವರಿಸಲಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲೇ ಬೆಳೆದು, ಅಮೆರಿಕದ ಪರೀಕ್ಷೆಗೆ ಸಿದ್ಧರಾಗುತ್ತಿರುವವರಿಗೆ ವಿಡಿಯೊಗಳು ಹೆಚ್ಚು ಒದಗಬಹುದು; ನನ್ನ ರೂಮ್‌ಮೇಟ್‌ಗೆ ಒದಗಿವೆ. ನನ್ನಂತೆ ಕನ್ನಡದಲ್ಲಿ ಯೋಚಿಸುವವರು ಕೊಳ್ಳಲೇಬೇಕೆಂದಿದ್ದರೆ ಒಂದು ತಿಂಗಳ ಚಂದಾ ಮಾತ್ರ ಕೊಂಡು, ಟಾಕ್ಸಿನ್‌ಗಳ ಭಾಗವನ್ನಷ್ಟೇ ನೋಡಿ, ಉಳಿದ ಹಣದಲ್ಲಿ ದಪ್ಪ ಹಾಳೆ ಮತ್ತು ಎರಡು ಬಣ್ಣದ ಪೆನ್ನು ತರುವುದು ಮೇಲು: ಗ್ರಾಂ ಪಾಸಿಟಿವ್ ಕಾರ್ಡುಗಳಿಗೆ ನೇರಳೆ, ನೆಗೆಟಿವ್ ಕಾರ್ಡುಗಳಿಗೆ ಗುಲಾಬಿ.